ಎರಡನೇ ಓದು

ನೆಂಟರೆಲ್ಲ ಹೊರಟುಹೋದ ಮೇಲೆ ಬಂದ ಮೊದಲ ಸೋಮವಾರ, ಚಹಾಕ್ಕೆ ಎರಡು ಲೋಟ ನೀರು ಅಳೆದು ಇಟ್ಟೆ. ಅಳತೆ ಸರಿಯಾಗಿಯೇ ಇತ್ತು. ಒಂದು ಅತ್ತೆಗೆ, ಒಂದು ನನಗೆ. ಮೊದಲೂ ಎರಡೇ ಲೋಟ ಇಡುತ್ತಿದ್ದೆ. ಪಾತ್ರೆಗೆ ಏನೂ ಗೊತ್ತಾಗಲಿಲ್ಲ.

ಅತ್ತೆ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಅವರು ಬಂದು ಮೂರು ವಾರವಾಗಿತ್ತು. ಮಗನನ್ನು ನೋಡಿಕೊಳ್ಳಲೆಂದು ಬಂದವರು ಈಗ ನನ್ನನ್ನು ನೋಡುತ್ತ ಕೂತಿರುತ್ತಾರೆ.

"ಇವತ್ತೇ ಹೋಗ್ತೀಯಾ?"

"ಹೂಂ ಅತ್ತೆ. ರಜೆ ಮುಗೀತು."

"ಇನ್ನೊಂದು ವಾರ ಕೇಳಿದ್ರೆ ಇಲ್ಲ ಅಂತಿದ್ರಾ?"

"ಅಂತಿರಲಿಲ್ಲ."

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದಿದರು. "ಏನು ಪಾಠ ಇವತ್ತು?"

ಸುಳ್ಳು ಹೇಳಬಹುದಿತ್ತು. "ರೋಗ ಹೇಗೆ ಶುರುವಾಗುತ್ತೆ, ಹೇಗೆ ಬೆಳೆಯುತ್ತೆ ಅಂತ. ಅದಕ್ಕೆ ಬಳಸೋ ಪದಗಳು."

"ಊರವರ ಮಕ್ಕಳಿಗೆಲ್ಲ ಹೇಳಿಕೊಡ್ತೀಯ," ಎಂದು ಅವರು ಚಹಾ ಕುಡಿದರು.

ಉಳಿದ ಅರ್ಧವನ್ನು ಅವರು, ಮಗ ತೀರಿಕೊಂಡ ಎರಡನೇ ದಿನವೇ, ತುಂಬಿದ ಮನೆಯಲ್ಲಿ ಹೇಳಿಯಾಗಿತ್ತು. ಒಂದೇ ದಿಂಬಿಗೆ ತಲೆ ಕೊಟ್ಟು ಮಲಗಿದವಳು, ಅಷ್ಟೊಂದು ಓದಿದವಳು, ನಿನಗೆ ಕಾಣಲಿಲ್ವಾ ಅಂತ. ನನಗೂ ಅದೇ ಪ್ರಶ್ನೆಯಿತ್ತು.

ಹೊರಡುವ ಮೊದಲು ಒಂದು ಕೆಲಸ ಬಾಕಿ ಇತ್ತು. ಭಾನುವಾರ ಮಾತಾಡಿಸಲು ಬಂದಿದ್ದ ಗಾಜು ತಾತ, ಹೋಗುವಾಗ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಬಿಚ್ಚಿ, ಮತ್ತೆ ಮೆಟ್ಟಿಕೊಂಡು ಕೇಳಿದ್ದರು: "ಅವಸರ ಏನಿಲ್ಲಮ್ಮ. ಪಾಠದ ಪೆಟ್ಟಿಗೆಯ ಏಳನೇ ನಂಬರಿನ ಸ್ಲೈಡು ಅವನ ಹೆಸರಲ್ಲಿದೆ. ಎಲ್ಲಾದ್ರೂ ಕಣ್ಣಿಗೆ ಬಿದ್ರೆ..."

ಅವರು ನಮ್ಮ ಆಸ್ಪತ್ರೆಯ ಸ್ಲೈಡುಗಳ ಉಗ್ರಾಣ ನೋಡಿಕೊಳ್ಳುವವರು. ನಾನು ಅದೇ ಆಸ್ಪತ್ರೆಗೆ ಸೇರಿದ ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅವನು, ನನ್ನ ಗಂಡ, ನನಗಿಂತ ಎರಡು ಮಹಡಿ ಕೆಳಗೆ ಕೆಲಸ ಮಾಡುತ್ತಿದ್ದ. ರೋಗಿಯ ಮೈಯಿಂದ ಡಾಕ್ಟರು ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿನ ಪಟ್ಟಿಯ ಮೇಲೆ ಹಾಸಿ, ಬಣ್ಣ ಹಾಕುವ ಕೆಲಸ. ಅವನಷ್ಟು ತೆಳ್ಳಗೆ ಯಾರೂ ಹೆರೆಯುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವನನ್ನು ತೆಳುವಣ್ಣ ಎನ್ನುತ್ತಿದ್ದರು. ಕೊನೆಯ ವರ್ಷ ಅವನೇ ತೆಳ್ಳಗಾಗತೊಡಗಿದಾಗ, ಹೆಸರಿಗೆ ತಕ್ಕ ಹಾಗೆ ಆಗ್ತಿದ್ದಾನೆ ನೋಡಿ ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಸ್ಲೈಡು ಸಿಕ್ಕಿದ್ದು ಬೀರುವಿನಲ್ಲಿ, ಶೇವಿಂಗ್ ಸಾಮಾನಿನ ಕೆಳಗಿದ್ದ ಹಳೆಯ ಕನ್ನಡಕದ ಡಬ್ಬಿಯೊಳಗೆ. ಹತ್ತಿಯಲ್ಲಿ ಸುತ್ತಿತ್ತು. ಏಳು ಎಂದು ಬರೆದ ಹಳದಿ ಚೀಟಿ, ಮಾಸಿ ತಿಳಿ ಗುಲಾಬಿಯಾದ ಚೂರು. ಅದರ ಜೊತೆ ಉಗ್ರಾಣದ ಎರವಲು ರಸೀದಿ. ಮತ್ತು ಒಂದು ಮೇಣದ ತುಂಡು, ಬೆಂಕಿಪೊಟ್ಟಣದ ಅರ್ಧದಷ್ಟು.

ಮೇಣದ ಒಂದು ಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ನಂಬರು ಇತ್ತು: ೪೧೧೮೬.

ಆ ನಂಬರು ನನಗೆ ಬಾಯಿಪಾಠ. ಎರಡು ತಿಂಗಳು ಪ್ರತಿ ಕೌಂಟರಿನಲ್ಲೂ ಅದನ್ನೇ ಹೇಳಿದ್ದೇನೆ. ರಕ್ತ ಕೊಡುವಲ್ಲಿ, ಔಷಧಿ ಕೊಳ್ಳುವಲ್ಲಿ, ಕೊನೆಗೆ ನೆಲಮಾಳಿಗೆಯ ಶವಾಗಾರದ ಕಿಟಕಿಯಲ್ಲಿ. ಅವನ ಆಸ್ಪತ್ರೆ ಕಾರ್ಡಿನ ನಂಬರು. ಹೊಟ್ಟೆ ಪರೀಕ್ಷೆ ಮಾಡಿದಾಗ ಚೂರು ತೆಗೆದಿದ್ದರು, ಅದನ್ನು ಅವನೇ ಮೇಣದಲ್ಲಿ ಕೂರಿಸಿದ್ದಾನೆ ಅಂದುಕೊಂಡೆ. ಬೇರೆಯವರು ದಪ್ಪಗೆ ಹೆರೆಯುತ್ತಾರೆ ಎಂದು ಬೇಸರಪಟ್ಟುಕೊಳ್ಳುವ ಮನುಷ್ಯ.

ಆಮೇಲೆ ನಂಬರಿನ ಕೆಳಗಿದ್ದ ತಾರೀಖು ನೋಡಿದೆ. ಹತ್ತು ತಿಂಗಳ ಹಿಂದಿನದು.

ನನಗೆ ಅವನ ಕಾಯಿಲೆ ಗೊತ್ತಾಗಿದ್ದು ಎರಡೂವರೆ ತಿಂಗಳ ಹಿಂದೆ, ಅವನು ಬಚ್ಚಲಲ್ಲಿ ಬಿದ್ದ ದಿನ. ಅವತ್ತು ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಹಳೇ ಕಾರ್ಡು ಇದೆಯಲ್ಲ, ಹೊಸದು ಬೇಡ," ಅಂದಿದ್ದಳು. ನನಗೆ ಕೇಳಿಸಿತ್ತು. ಕೇಳಿಸಿಕೊಂಡಿರಲಿಲ್ಲ.

ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. "ಊಟ ತಗೊಂಡ್ಯಾ?" ಎಂದು ಅತ್ತೆ ಕೇಳಿದರು. ತೆಗೆದುಕೊಂಡಿರಲಿಲ್ಲ. ಹೂಂ ಅಂದೆ.

*

ತರಗತಿಯಲ್ಲಿ ಇಪ್ಪತ್ತೆರಡು ಹುಡುಗಿಯರು. ನಾನು ಒಳಗೆ ಬಂದಾಗ ಎಲ್ಲರೂ ಒಟ್ಟಿಗೆ ಎದ್ದು ನಿಂತರು, ಒಟ್ಟಿಗೆ ನನ್ನ ಕೊರಳು ನೋಡಿದರು, ಒಟ್ಟಿಗೆ ಕಣ್ಣು ತಗ್ಗಿಸಿದರು. ಕೂತ್ಕೊಳ್ಳಿ ಎಂದೆ.

ಹಲಗೆಯ ಮೇಲೆ ಬರೆದೆ. ರೋಗಕಾರಣ. ಅದರ ಕೆಳಗೆ, ಪೂರಕ ಕಾರಣ. ಬೀಜ ಬಿದ್ದರೆ ಸಾಲದು, ನೆಲ ಒದ್ದೆಯಿರಬೇಕು, ಆ ಒದ್ದೆಯೇ ಪೂರಕ ಕಾರಣ ಎಂದೆ. ಅಡಗಿರುವ ಕಾಲ. ರೋಗ ಮೈಯೊಳಗೆ ಬಂದಾಗಿದೆ, ಆದರೆ ಬಾಗಿಲು ತಟ್ಟಿಲ್ಲ. ಪ್ರತಿ ವರ್ಷವೂ ಇದೇ ಮಾತು ಹೇಳುತ್ತೇನೆ. ಬಾಯಿ ತಾನಾಗಿ ಹೇಳಿಕೊಂಡು ಹೋಗುತ್ತಿತ್ತು, ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ.

"ಚಿಹ್ನೆಗೂ ಲಕ್ಷಣಕ್ಕೂ ಏನು ವ್ಯತ್ಯಾಸ? ಹೊಟ್ಟೆ ಉರಿ?"

"ಲಕ್ಷಣ ಮೇಡಂ. ರೋಗಿ ಹೇಳೋದು."

"ತೂಕ ಇಳಿಯೋದು?"

"ಚಿಹ್ನೆ. ನಾವು ನೋಡೋದು."

"ನೋಡ್ತೀವಾ?"

ಹಾಗೆ ಕೇಳಬೇಕು ಅಂದುಕೊಂಡಿರಲಿಲ್ಲ. ಅವನು ಬೆಲ್ಟಿಗೆ ಮೊಳೆಯಿಂದ ಎರಡು ತೂತು ಹೊಡೆದುಕೊಂಡಿದ್ದ. ಡಯಟ್ ಮಾಡ್ತಿದ್ದೀನಿ ಅಂದಿದ್ದ. ನಾನು ಮೆಚ್ಚಿದ್ದೆ. ಹೊಸ ಅಂಗಿ ಕೂಡ ತಂದುಕೊಟ್ಟೆ, ಒಂದು ಅಳತೆ ಕಡಿಮೆಯದು.

ಮುಂದಿನ ಪದ ವೈದ್ಯಜನ್ಯ. ಚಿಕಿತ್ಸೆ ಮಾಡುವವರಿಂದಲೇ ಬರುವ ತೊಂದರೆ.

"ಡಾಕ್ಟರ ಕೈಗುಣ ಮೇಡಂ," ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಅಂದಳು. ಅರ್ಧ ತರಗತಿ ನಕ್ಕು, ನನ್ನನ್ನು ನೆನೆದು ನಿಲ್ಲಿಸಿತು.

"ಕೈಯೇ ಆಗಬೇಕಿಲ್ಲ," ಎಂದು ನನ್ನ ಬಾಯಿ ವರ್ಷವರ್ಷದ ಮಾತು ಹೇಳಿತು. "ಬಾಯಿಂದಾನೂ ಆಗುತ್ತೆ. ಒಂದು ಮಾತು ಸಾಕು."

ಕಪಾಟಿನಿಂದ ಸ್ಲೈಡುಗಳ ಪೆಟ್ಟಿಗೆ ತೆಗೆದೆ. ಈ ಪಾಠಕ್ಕೆಂದೇ ಇರುವ ಪೆಟ್ಟಿಗೆ, ಇಪ್ಪತ್ತು ಸ್ಲೈಡು, ಮರದ ಹಲ್ಲುಗಳ ನಡುವೆ ಒಂದೊಂದೂ ನಿಂತಿರುತ್ತದೆ. ಏಳನೇ ಜಾಗ ಖಾಲಿ ಇರಬೇಕಿತ್ತು, ಏಳು ನನ್ನ ಚೀಲದಲ್ಲಿತ್ತು.

ಖಾಲಿ ಇರಲಿಲ್ಲ. ಅಲ್ಲೊಂದು ಸ್ಲೈಡು ನಿಂತಿತ್ತು. ಹೊಸ ಗಾಜು, ಬಣ್ಣ ಚೆನ್ನಾಗಿ ಹಿಡಿದದ್ದು. ಅದರ ಮೂಲೆಯಲ್ಲಿ ವಜ್ರದ ಮೊನೆಯಿಂದ ಕೊರೆದ ಎರಡು ಚುಕ್ಕೆ. ನಮ್ಮಲ್ಲಿ ರೋಗಿಯ ಹೆಸರು ಗಾಜಿನ ಮೇಲೆ ಬರೆಯುವುದಿಲ್ಲ. ಹೆರೆದವರು ಮಾತ್ರ ಮೂಲೆಯಲ್ಲಿ ತಮ್ಮ ಗುರುತು ಹಾಕುತ್ತಾರೆ. ಎರಡು ಚುಕ್ಕೆ ಅವನದು.

ಮುಂದಿನ ಸಾಲಿನ ಹುಡುಗಿ, ಪೆಟ್ಟಿಗೆ ಕಂಡ ಕೂಡಲೇ ಹಳೆಯ ನೋಟ್‌ಬುಕ್ ಒಂದನ್ನು ಬಿಡಿಸಿದಳು. ಹಿಂದಿನ ವರ್ಷದವರು ಮುಂದಿನವರಿಗೆ ನೋಟ್ಸ್ ದಾಟಿಸುವುದು ನಮ್ಮಲ್ಲಿ ಇದ್ದದ್ದೇ.

"ಮೇಡಂ, ಏಳನೇದು ಮುಖ್ಯ ಅಲ್ವಾ? ಸೀನಿಯರ್ ಅಕ್ಕ ಗೀಟು ಹಾಕಿದ್ದಾರೆ."

"ಏನಂತ ಬರೆದಿದ್ದಾರೆ?"

ಅವಳು ಓದಿದಳು. "ಏಳು. ಹೊಟ್ಟೆಯ ಕ್ಯಾನ್ಸರ್. ಉಂಗುರದ ಆಕಾರದ ಜೀವಕೋಶಗಳು. ಮೇಡಂ ಹೇಳಿದ್ದು: ಈ ಮನುಷ್ಯನಿಗೆ ಎಂಟು ತಿಂಗಳು, ಅದೂ ಹೆಚ್ಚು."

ಹೊರಗೆ ಯಾರೋ ತಳ್ಳುಗಾಡಿ ನೂಕಿಕೊಂಡು ಹೋದರು. ಅದರ ಒಂದು ಗಾಲಿ ಕಿರ್ರೆನ್ನುತ್ತ ಓಣಿಯ ಕೊನೆಯವರೆಗೂ ಹೋಯಿತು.

"ಅದನ್ನ ಹೊಡೆದುಹಾಕು," ಎಂದೆ.

"ಯಾಕೆ ಮೇಡಂ, ತಪ್ಪಾ?"

"ಗಾಜಿನ ಮೇಲಿನ ಚೂರು ನೋಡಿ ರೋಗ ಯಾವುದು ಅನ್ನಬಹುದು. ಎಷ್ಟು ದೂರ ಹರಡಿದೆ ಅಂತ ಅದು ಹೇಳಲ್ಲ. ಅದು ಗೊತ್ತಿಲ್ದೆ ದಿನ ಹೇಳಕ್ಕಾಗಲ್ಲ."

"ಆದ್ರೆ ನೀವೇ..."

"ನಾನೇ ಹೇಳಿದ್ದು. ಹೊಡೆದುಹಾಕು."

ಅವಳು ಸ್ಕೇಲು ಇಟ್ಟು, ನೇರವಾಗಿ ಒಂದು ಗೆರೆ ಎಳೆದಳು.

*

ಈಗ ನೆನಪಾಯಿತು. ಹಿಂದಿನ ವರ್ಷದವರಿಗೆ ಆ ಪಾಠ ಮಾಡಿದ ವಾರದ ಭಾನುವಾರ ಮಧ್ಯಾಹ್ನ. ನಾನು ಇಸ್ತ್ರಿ ಮಾಡುತ್ತಿದ್ದೆ. ಅವನು ಮಂಚದ ಮೇಲೆ ಕೂತು, ಇಸ್ತ್ರಿಯಾದ ಬಟ್ಟೆ ಮಡಿಸುತ್ತಿದ್ದ. ಮಡಿಕೆಯಲ್ಲೂ ಅವನ ಕೈ ಅಚ್ಚುಕಟ್ಟು.

"ಪೆಟ್ಟಿಗೆಯಲ್ಲಿ ಏಳನೇದು ಹೊಸದು ಹಾಕಿದ್ದೀನಿ. ನೋಡಿದ್ಯಾ ಟೀಚರಮ್ಮ?"

"ನೋಡ್ದೆ. ಎಷ್ಟು ಸ್ಪಷ್ಟ ಬಂದಿದೆ. ಪುಸ್ತಕದ ಚಿತ್ರ ಇದ್ದ ಹಾಗಿದೆ."

"ನಾನು ಹೆರೆದಿದ್ದು."

"ಗೊತ್ತು, ಜಂಬ ಬೇಡ."

ಅವನು ನಕ್ಕ. ದಿಂಬಿನ ಹೊದಿಕೆಯ ತುದಿಗೆ ತುದಿ ಸೇರಿಸಿದ. "ಹುಡುಗಿಯರಿಗೆ ಏನಂತ ಹೇಳ್ದೆ?"

"ಏನಿದೆ ಹೇಳಕ್ಕೆ. ಪಾಪ, ಯಾರೋ ಏನೋ. ಎಂಟು ತಿಂಗಳು ಅಂದೆ. ಅದೂ ಹೆಚ್ಚು."

"ಆಪರೇಷನ್ ಮಾಡಿದ್ರೆ?"

"ಅಂಥದ್ದಕ್ಕೆ ಆಪರೇಷನ್ ಅಂದ್ರೆ ಬರೀ ನೋವು. ಇರೋ ಎಂಟು ತಿಂಗಳೂ ಆಸ್ಪತ್ರೆಯಲ್ಲೇ ಕಳೀಬೇಕು. ನಾನಾದ್ರೆ ಮಾಡಿಸ್ಕೊಳಲ್ಲಪ್ಪ."

"ನಿಜ ಹೇಳ್ತಿದ್ದೀಯಾ?"

"ನಿಜ."

ಇಸ್ತ್ರಿ ಕಾಲರಿನ ಮೇಲಿತ್ತು. ನಾನು ಅವನ ಮುಖ ನೋಡಲಿಲ್ಲ. ನೋಡಿದ್ದರೆ ಏನು ಕಾಣುತ್ತಿತ್ತೋ ಗೊತ್ತಿಲ್ಲ. ಅವನು ಹೊದಿಕೆಯನ್ನು ಮಡಿಸಿ, ಕೈಯಿಂದ ಸವರಿ, ಬೇರೆಯದರ ಮೇಲೆ ಇಟ್ಟ. ಸಂಜೆ ನದಿ ಕಡೆ ಹೋಗಿಬರೋಣವಾ ಎಂದು ಕೇಳಿದ. ಹೋದೆವು. ಆಮೇಲೆ ಪ್ರತಿ ಭಾನುವಾರವೂ ಹೋದೆವು. ಮದುವೆಯಾದ ಮೇಲೆ ಇಷ್ಟು ಒಳ್ಳೆಯ ವರ್ಷ ಇದೇ ಎಂದು ನಾನು ತಂಗಿಗೆ ಫೋನಿನಲ್ಲಿ ಹೇಳಿದ್ದೆ.

ಇನ್ನೊಂದು ನೆನಪಿದೆ. ಕೊನೆಯ ತಿಂಗಳು, ವಾರ್ಡಿನಲ್ಲಿ, ಒಂದು ಬೆಳಿಗ್ಗೆ ಅವನು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಮಲಗಿದ್ದ. ನನ್ನನ್ನು ಕಂಡು ನಕ್ಕ. "ನಿನ್ನ ಲೆಕ್ಕ ತಪ್ಪಿತು ಕಣೇ." ಯಾವ ಲೆಕ್ಕ ಎಂದೆ. ಮಾತ್ರೆಯ ಲೆಕ್ಕವಿರಬೇಕು ಎಂದು ಚೀಟಿ ತೆಗೆದು ಎಣಿಸತೊಡಗಿದೆ. ಎಣಿಸುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ.

*

ತರಗತಿ ಖಾಲಿಯಾದ ಮೇಲೆ ಬಾಗಿಲು ಹಾಕಿದೆ. ಚೀಲದಿಂದ ಮೇಣದ ತುಂಡು ತೆಗೆದು ಕಿಟಕಿಯ ಕಟ್ಟೆಯ ಮೇಲೆ, ಬೆಳಕಿಗೆ ಇಟ್ಟೆ. ಮೇಣದೊಳಗೆ ಕಂದುಬಣ್ಣದ ಚೂರು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಯಾರೋ ಕಚ್ಚಿದ ಹಾಗೆ ಒಂದು ತಗ್ಗು.

ಪೆಟ್ಟಿಗೆಯಲ್ಲಿದ್ದ ಏಳನೆಯದನ್ನು ತೆಗೆದು ಅದರ ಮೇಲಿಟ್ಟೆ. ಮೊದಲು ಸರಿಹೋಗಲಿಲ್ಲ. ಗಾಜನ್ನು ತಿರುಗಿಸಿ ಇಟ್ಟೆ. ಚೂಪು ಚೂಪಿನ ಮೇಲೆ ಕೂತಿತು, ತಗ್ಗು ತಗ್ಗಿನ ಮೇಲೆ.

ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಗುಲಾಬಿ, ನೇರಳೆ. ಉಂಗುರದಂಥ ಕೋಶಗಳು, ಒಂದೊಂದರ ನಡುವೆ ಬಿಳಿ, ಅಂಚಿಗೆ ಒತ್ತರಿಸಿದ ಕಪ್ಪು ಹರಳು. ಸಾಲಾಗಿಲ್ಲ, ಚದುರಿಕೊಂಡಿವೆ. ಹತ್ತು ತಿಂಗಳಾದರೂ ಬಣ್ಣ ಒಂದಿಷ್ಟೂ ಮಾಸಿಲ್ಲ. ಎರಡು ವಾರದ ಹಿಂದೆ ಅವನ ಮೈಯೆಲ್ಲ ಬೂದಿಯಾಯಿತು, ಇದು ಉಳಿದಿದೆ. ಅವನನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಹಿಂದೆ ಒಂದೇ ಸಲ, ಇಪ್ಪತ್ತು ಹುಡುಗಿಯರ ಎದುರು. ನೋಡಿ, ಎಷ್ಟು ಚೆನ್ನಾಗಿದೆ ಎಂದಿದ್ದೆ.

ಊಟದ ಗಂಟೆ ಹೊಡೆಯಿತು. ಎರಡೂ ಸ್ಲೈಡು, ಮೇಣದ ತುಂಡು ಡಬ್ಬಿಗೆ ಹಾಕಿ, ಮೆಟ್ಟಿಲಿಳಿದು ಉಗ್ರಾಣಕ್ಕೆ ಹೋದೆ.

*

ಉಗ್ರಾಣಕ್ಕೆ ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಚರಣಿಗೆ, ಅದರ ತುಂಬ ಮರದ ತಟ್ಟೆಗಳು. ಮೂವತ್ತು ವರ್ಷದ ರೋಗಿಗಳು ಇಲ್ಲಿದ್ದಾರೆ, ಬೆರಳಗಲದ ಗಾಜಿನ ಮೇಲೆ. ಬಣ್ಣದ ಎಣ್ಣೆಯ ವಾಸನೆ. ಅವನ ಅಂಗಿಗಳಲ್ಲೂ ಇದೇ ವಾಸನೆ ಇರುತ್ತಿತ್ತು. ನಾನು ಒಂದು ನಿಮಿಷ ಬಾಗಿಲಲ್ಲೇ ನಿಂತೆ.

"ಬಾಮ್ಮ, ಬಾ. ಅದಕ್ಕಂತಲೇ ಬಂದ್ಯಾ? ಅವಸರ ಇಲ್ಲ ಅಂದಿದ್ನಲ್ಲ." ಗಾಜು ತಾತ ಊಟದ ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡರು.

"ಸಿಕ್ತು ತಾತ. ಅದಕ್ಕೆ ಮೊದಲು ಒಂದು ಕೇಳಬೇಕಿತ್ತು. ಎರಡನೇ ಓದಿನ ಪುಸ್ತಕ ನೋಡಬಹುದಾ? ಹತ್ತು ತಿಂಗಳ ಹಿಂದಿನದು."

ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿಯಿದೆ. ಕ್ಯಾನ್ಸರ್ ಎಂದು ಒಬ್ಬರು ಓದಿದ ಸ್ಲೈಡನ್ನು ಇನ್ನೊಬ್ಬರೂ ಓದಬೇಕು. ಸ್ಲೈಡು ಒಯ್ದು ತೋರಿಸಿ, ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದು, ಸಹಿ ಹಾಕಿಸುವುದು ಅವನ ಕೆಲಸವಾಗಿತ್ತು. ಆ ಎರಡನೆಯವರಿಗೆ ಅದು ಯಾರದು ಎಂದಾಗಲಿ, ಮೊದಲಿನವರು ಏನೆಂದರು ಎಂದಾಗಲಿ ಹೇಳುವ ಹಾಗಿಲ್ಲ. ಗೊತ್ತಿದ್ದರೆ ಕಣ್ಣು ದಾಕ್ಷಿಣ್ಯಕ್ಕೆ ಬೀಳುತ್ತದೆ. ಗೊತ್ತಿಲ್ಲದೆ ನೋಡಿದ ಕಣ್ಣು ಸುಳ್ಳು ಹೇಳುವುದಿಲ್ಲ ಎಂದು ಅವನು ಯಾವಾಗಲೂ ಅನ್ನುತ್ತಿದ್ದ.

"ನಂಬರು?"

"ನಾಲ್ಕು ಒಂದು ಒಂದು ಎಂಟು ಆರು."

ತಾತ ಉದ್ದನೆಯ ಪುಸ್ತಕ ಇಳಿಸಿ, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು. "ಓ, ಇದಾ. ಇದೊಂದು ನನ್ನ ಪ್ರಾಣ ತಿಂದಿದೆ." ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ಮೊದಲ ಓದಿನ ಖಾನೆಯಲ್ಲಿ ಹಿರಿಯ ಡಾಕ್ಟರ ಅಕ್ಷರ. ಉಂಗುರ ಕೋಶದ ಕ್ಯಾನ್ಸರ್. ಕೂಡಲೇ ಆಪರೇಷನ್‌ಗೆ ಕಳಿಸಿ, ಬೇಗ ಆದರೆ ಆಸೆ ಇದೆ. ಕೆಳಗೆ ಸಹಿ.

ಎರಡನೇ ಓದಿನ ಖಾನೆಯಲ್ಲಿ ಅವನ ಅಕ್ಷರ. ಉಂಗುರ ಕೋಶದ ಕ್ಯಾನ್ಸರ್. ಎಂಟು ತಿಂಗಳು, ಅದೂ ಹೆಚ್ಚು. ಆಪರೇಷನ್ ಬೇಡ. ತಾರೀಖು, ಆ ಭಾನುವಾರದ ಮಾರನೆಯ ದಿನದ್ದು. ಸಹಿಯ ಜಾಗ ಖಾಲಿ.

"ನೋಡು, ಈ ಖಾನೆಯಲ್ಲಿ ರೋಗದ ಹೆಸರು ಬಿಟ್ಟು ಇನ್ನೇನೂ ಬರಿಯೋ ಹಾಗಿಲ್ಲ," ಎಂದರು ತಾತ. "ಅವನಿಗೆ ಹೇಳಿಕೊಡಬೇಕಾ? ಎಲ್ಲ ಬರ್ದ. ಓದಿದವರ ಸಹಿ ಮಾತ್ರ ತರ್ಲಿಲ್ಲ. ಯಾರಯ್ಯ ನಿನ್ನ ಎರಡನೇ ಡಾಕ್ಟ್ರು, ಒಂದು ಗೀಟು ಹಾಕಕ್ಕೆ ಕೈನೋವಾ ಅಂತ ನಾನು ವಾರ ವಾರ ಕೇಳ್ತಿದ್ದೆ. 'ಅವ್ರಿಗೆ ಬಿಡುವಿಲ್ಲ ತಾತ, ಬಿಡುವಾದಾಗ ಅವ್ರೇ ಬಂದು ಹಾಕ್ತಾರೆ' ಅನ್ನೋನು, ನಗೋನು."

"ಎರಡೂ ಬೇರೆ ಬೇರೆ ಬಂದ್ರೆ ಮೂರನೆಯವರಿಗೆ ತೋರಿಸಬೇಕಲ್ವಾ ತಾತ?"

"ಹೌದು. ಆದ್ರೆ ಬೇರೆ ಎಲ್ಲಿ ಬಂದಿದೆ? ರೋಗದ ಹೆಸರು ಎರಡರಲ್ಲೂ ಒಂದೇ ಅಲ್ವಾ. ಮಿಕ್ಕಿದ್ದು ಲೆಕ್ಕಕ್ಕಿಲ್ಲ."

ಮೂರನೆಯ ಖಾನೆಯನ್ನು ನೋಡಿದೆ. ಅಲ್ಲಿ ಅವನು ಸ್ಕೇಲಿನಿಂದ ಅಡ್ಡಗೆರೆ ಎಳೆದಿದ್ದ. ಆ ಮೇಜಿನ ಹತ್ತಿರ, ಅವನು ನಿಂತಿದ್ದ ಜಾಗದಲ್ಲಿ ನಿಂತು, ಅವನ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ಒಂದು ಮೂರನೇ ಕಣ್ಣಿಗೆ ತೋರಿಸಬಹುದಿತ್ತು. ಇಸ್ತ್ರಿ ಮಾಡುವವಳ ಹೆಗಲು ಹಿಡಿದು ತಿರುಗಿಸಿ, ಇದು ನನ್ನದು ಕಣೇ, ಈಗ ಹೇಳು ಅನ್ನಬಹುದಿತ್ತು. ಆಗ ನಾನು ಬೇರೆ ಉತ್ತರ ಕೊಡುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಅನ್ನಲಿಲ್ಲ.

"ಪೆನ್ನು ಕೊಡಿ ತಾತ."

ಅವರು ಕಿವಿಯ ಮೇಲಿಂದ ಪೆನ್ನು ತೆಗೆದು ಕೊಟ್ಟರು. ಕೊಟ್ಟ ಮೇಲೆ ಯಾಕೆ ಎಂದು ಕೇಳಲು ಬಾಯಿ ತೆರೆದರು. ನಾನು ಎರಡನೇ ಓದಿನ ಕೆಳಗೆ ಸಹಿ ಹಾಕಿದೆ. ಪೂರ್ತಿ ಹೆಸರು, ತಾರೀಖು ಇವತ್ತಿನದು.

ತಾತ ಸಹಿಯನ್ನು ನೋಡಿದರು. ನಂಬರನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು, ಅದು ಯಾರ ಕನ್ನಡಕದ ಡಬ್ಬಿಯೆಂದು ಅವರಿಗೆ ಗೊತ್ತಿತ್ತು. ಕೈಯಿಂದ ಹಿಂದಿದ್ದ ಸ್ಟೂಲನ್ನು ತಡವಿ ಕೂತರು. ಚರಣಿಗೆಯೊಳಗೆಲ್ಲೋ ಒಂದು ಗಾಜು ಸಣ್ಣಗೆ ಸದ್ದು ಮಾಡಿತು. ಮೇಲಿನ ಮಹಡಿಯಲ್ಲಿ ಯಾರಾದರೂ ನಡೆದರೆ ಹಾಗಾಗುತ್ತದೆ.

ಎರಡು ಸ್ಲೈಡುಗಳನ್ನೂ ಮೇಜಿನ ಮೇಲೆ ಇಟ್ಟೆ, ಮಾಸಿದ್ದು ಒಂದು, ಹೊಸದೊಂದು. ಮೇಣದ ತುಂಡನ್ನು ಹೊರಗೆ ತೆಗೆಯಲಿಲ್ಲ.

"ಎರಡು ಏಳು ಇರಕ್ಕಾಗಲ್ಲ," ಎಂದರು ತಾತ ಕೊನೆಗೆ. ಅವರ ದನಿ ಇಳಿದಿತ್ತು. "ಒಂದನ್ನ ತೆಗೀಬೇಕು. ನೀನು ಹೇಳಿದ್ದೇ ಆಗಲಿ. ಹೊಸದನ್ನ ಮನೆಗೆ ತಗೊಂಡು ಹೋಗ್ತೀಯಾ? ನಾನು ಯಾರಿಗೂ ಹೇಳಲ್ಲ."

ಮನೆಯಲ್ಲಿ ಅದನ್ನು ಎಲ್ಲಿಡಲಿ? ಅತ್ತೆ ಒಂದು ದಿನ ಬೆಳಕಿಗೆ ಹಿಡಿದು, ಇದೇನು ಎಂದು ಕೇಳುತ್ತಾರೆ. ಇಲ್ಲಿದ್ದರೆ ವರ್ಷಕ್ಕೊಮ್ಮೆ ಹುಡುಗಿಯರು ಸಾಲಾಗಿ ಬಂದು ಅವನನ್ನು ನೋಡುತ್ತಾರೆ, ಒಂದು ಕಣ್ಣು ಮುಚ್ಚಿ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ರೋಗದ ಹೆಸರು ಹೇಳಿ, ಅಲ್ಲಿಗೇ ನಿಲ್ಲಿಸುತ್ತೇನೆ.

"ಪೆಟ್ಟಿಗೆಯಲ್ಲಿ ಅದೇ ಇರಲಿ," ಎಂದೆ. "ಹಳೇದು ನಿಮ್ಮದು. ಅವನು ತಗೊಂಡಿದ್ದು."

ಮಾಸಿದ ಸ್ಲೈಡನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಕೊಟ್ಟೆ, ಅವನು ಕಲಿಸಿದ ಹಾಗೆ. ತಾತ ಅಂಗೈ ಚಾಚಿದರು. ಎರವಲು ಪುಸ್ತಕ ತೆಗೆದು, ಅವನ ಹೆಸರಿನ ಮುಂದೆ ಗುರುತು ಹಾಕಿ, ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದರು.

"ಬಿರುಕು ಗಿರುಕು ಏನಾದ್ರೂ?"

"ಇಲ್ಲ ತಾತ," ಎಂದೆ. "ಕೊಟ್ಟ ಹಾಗೇ ಇದೆ."